ಕೆಳಗೆ ಯಾರಿದ್ದಾರೆ ಎಂದು ಕೇಳುತ್ತಿದ್ದವರು

ಅವರ ಮುಖಕ್ಕಿಂತ ಪಾದಗಳು ನನಗೆ ಚೆನ್ನಾಗಿ ನೆನಪಿವೆ. ಅಗಲವಾದ, ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡ, ಪಾಠ ಹೇಳುವವರಿಗಿಂತ ಗದ್ದೆ ಉಳುವವರಿಗೆ ಒಪ್ಪುವ ಪಾದಗಳು. ಯಾವ ಕೆರೆಗೆ ಹೋದರೂ ಮೊದಲು ಬೂಟು ಬಿಚ್ಚುತ್ತಿದ್ದರು. ಕಾಲುಚೀಲ ಮಡಚಿ ಜೇಬಿಗೆ ತುರುಕಿ, ಏರಿಯ ಮೇಲೆ ಹತ್ತದೆ, ನೀರಿಲ್ಲದ ಕಡೆಯ ಬುಡದಲ್ಲಿ ಬರಿಗಾಲಲ್ಲಿ ನಡೆಯಲು ಶುರುಮಾಡುತ್ತಿದ್ದರು. ಮಣ್ಣು ಎಲ್ಲಿ ತಣ್ಣಗಿದೆ, ಎಲ್ಲಿ ಮೆತ್ತಗಿದೆ ಎಂದು ಅಂಗಾಲಿನಿಂದ ತಿಳಿದುಕೊಳ್ಳುವುದು ಅವರ ಕ್ರಮ. ಟೇಪು, ಲೆವೆಲ್ಲು ಎಲ್ಲ ಆಮೇಲೆ.

ಅವರು ತೀರಿಕೊಂಡ ಸುದ್ದಿಯನ್ನು ನಾನು ಓದಿದ್ದು ಭದ್ರಾವತಿ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಮುಂದೆ ನಿಂತು. ಹಳೆಯ ಫೋಟೊ, ಹಣೆಯ ತುಂಬ ವಿಭೂತಿ. ಕೆಳಗೆ 'ನಿಷ್ಠುರ, ಪ್ರಾಮಾಣಿಕ ಅಧ್ಯಾಪಕರು' ಎಂದಿತ್ತು. ಎರಡೂ ಮಾತು ನಿಜ. ನನ್ನ ತಕರಾರು ಇರುವುದೇ ಆ ಎರಡು ಮಾತುಗಳ ಬಗ್ಗೆ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ಅವರು ನಮಗೆ ಮಣ್ಣಿನ ಪಾಠ ಮಾಡುತ್ತಿದ್ದರು. ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಡಾಕ್ಟರು, ಮಂಡಿ ವ್ಯಾಪಾರ, ಬ್ಯಾಂಕು ಎಂದೆಲ್ಲ ಆದಮೇಲೆ ನನ್ನ ಸರದಿ.

"ಅಪ್ಪ ಇಲ್ಲ ಸಾರ್. ಅಮ್ಮ ಇಟ್ಟಿಗೆ ಹೊರ್ತಾರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವರು ಆ ಕಡೆ ತಿರುಗಿ, "ನಗೋರು ಎದ್ದು ನಿಂತ್ಕೊಂಡು ಒಂದು ಇಟ್ಟಿಗೆ ಎಷ್ಟು ತೂಕ ಹೇಳ್ರಪ್ಪ" ಎಂದರು. ಒಬ್ಬನಿಗೂ ಗೊತ್ತಿರಲಿಲ್ಲ. "ನೀನು ಹೇಳಮ್ಮ." ನಾನು ಹೇಳಿದೆ. "ಒಣಗಿದ್ದೋ, ನೆಂದಿದ್ದೋ?" ಎಂದು ಮತ್ತೆ ಕೇಳಿದರು. ಎರಡನ್ನೂ ಹೇಳಿದೆ. "ಕೂತ್ಕೋ" ಎಂದರು, ಅಷ್ಟೆ. ಹೊಗಳಲಿಲ್ಲ. ಮುಂದೆ ಮೂರು ವರ್ಷ ಅವರ ಬಾಯಿಂದ ಹೊಗಳಿಕೆ ಬರಲೂ ಇಲ್ಲ. ಆದರೆ ಅವತ್ತಿನಿಂದ ನಾನು ಅವರ ಕಡೆಯವಳಾದೆ.

ಉತ್ತರ ಪತ್ರಿಕೆಯಲ್ಲಿ 'ಸಾಮಾನ್ಯವಾಗಿ' ಎಂದು ಬರೆದರೆ ಅಂಕ ಕಳೆಯುತ್ತಿದ್ದರು. "ಸಾಮಾನ್ಯವಾಗಿ ನಿಲ್ಲೋ ಏರಿ ಬೇಡ, ನಿಲ್ಲೋ ಏರಿ ಹೇಳು." ಕಂಟ್ರಾಕ್ಟರುಗಳ ಮನೆ ಮದುವೆಗೆ ಹೋಗಿ ಅಕ್ಷತೆ ಹಾಕಿ, ಊಟ ಮಾಡದೆ ಬಂದುಬಿಡುತ್ತಿದ್ದರು. ಹಬ್ಬದಲ್ಲಿ ಯಾರೋ ಕಳಿಸಿದ ಸಿಹಿಯ ಡಬ್ಬಿಯನ್ನು ತಾವೇ ಸ್ಕೂಟರಿನಲ್ಲಿ ವಾಪಸು ಕೊಟ್ಟು ಬಂದಿದ್ದರಂತೆ. ನವುಲೆ ಕಡೆಯ ಅವರ ಮನೆಗೆ ಹೋದಾಗ ಅವರ ಹೆಂಡತಿ ನನ್ನೆದುರಿಗೇ ಹೇಳಿದ್ದರು: "ಇವರ ಪ್ರಾಮಾಣಿಕತೆಗೆ ಒಗ್ಗರಣೆ ಹಾಕಿ ಸಾರು ಮಾಡೋಕಾಗಿದ್ರೆ ನಮ್ಮನೇಲಿ ದಿನಾ ಹಬ್ಬ ಕಣೇ ಮಾರಾಯ್ತಿ." ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಅವರದೊಂದು ಪ್ರಶ್ನೆಯಿತ್ತು. ಸೇತುವೆ ಇರಲಿ, ನೀರಿನ ಟ್ಯಾಂಕ್ ಇರಲಿ, ಗೋಡೆ ಇರಲಿ, ಮೊದಲು ಕೇಳುತ್ತಿದ್ದುದು ಅದನ್ನೇ: "ಕೆಳಗೆ ಯಾರಿದ್ದಾರೆ?"

ಆ ಕೆಳಗೆ ಇದ್ದವರು ನಾವು. ಭದ್ರಾವತಿಯ ಹೊರಗೆ ಒಂದು ಸಣ್ಣ ಖಾಸಗಿ ಕಟ್ಟೆಯಿತ್ತು. ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿ, ಕಬ್ಬಿಗೂ ಭತ್ತಕ್ಕೂ ನೀರು ನಿಲ್ಲಿಸಿಕೊಂಡಿದ್ದರು. ಅದರ ಒಡೆಯರಿಗೆ ಓಲ್ಡ್ ಟೌನಿನಲ್ಲಿ ಅಕ್ಕಿ ಗಿರಣಿ. ಎಲ್ಲರ ಬಾಯಲ್ಲೂ ಅವರು ಯಜಮಾನರು. ಏರಿಯ ಕೆಳಗೆ, ಹಳ್ಳದ ದಂಡೆಯುದ್ದಕ್ಕೂ, ನಮ್ಮ ಮನೆಗಳ ಸಾಲು. ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುವವರು, ಲಾರಿಗೆ ಲೋಡು ಮಾಡುವವರು, ಇಟ್ಟಿಗೆಯವರು. ಒಂದು ಬಾಗಿಲಲ್ಲಿ ಕನ್ನಡ, ಪಕ್ಕದ ಬಾಗಿಲಲ್ಲಿ ತಮಿಳು, ಅದರಾಚೆ ತೆಲುಗು. ಹಕ್ಕುಪತ್ರ ಒಬ್ಬರಿಗೂ ಇರಲಿಲ್ಲ. ಊರಿನವರು ನಮ್ಮನ್ನು ಕರೆಯುತ್ತಿದ್ದುದೇ 'ಕಟ್ಟೆ ಕೆಳಗಿನವರು' ಎಂದು.

ಆದರೆ ನೀರಿಗೆ ನಾವು ಶ್ರೀಮಂತರು. ಏರಿಯ ಬುಡದಲ್ಲಿ ಒಂದು ಒರತೆಯಿತ್ತು. ಹೆಂಗಸರು ಅಲ್ಲಿ ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಅರಿಸಿನ ಕುಂಕುಮ ಹಚ್ಚಿದ್ದರು. ಊರಿನ ನಲ್ಲಿಗಳು ಗೊರಗುಟ್ಟುವ ಕಡುಬೇಸಿಗೆಯಲ್ಲೂ ನಮ್ಮ ಗುಂಡಿ ತುಂಬಿರುತ್ತಿತ್ತು. ನಾನು ಓದಿದ್ದೆಲ್ಲ ಆ ನೀರು ಕುಡಿದೇ.

ಪದವಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿದ್ದ ಕಾಲ. ಅದರ ಹಿಂದಿನ ಮಳೆಗಾಲದಲ್ಲಿ ಎಲ್ಲೋ ಒಂದು ಖಾಸಗಿ ಕಟ್ಟೆ ಒಡೆದು ಗದ್ದೆಗಳು ಕೊಚ್ಚಿಹೋಗಿದ್ದವು. ಇಂಥ ಕಟ್ಟೆಗಳನ್ನೆಲ್ಲ ನೋಡಿ, ಅಪಾಯದ ಪ್ರಕಾರ ವರ್ಗ ಮಾಡಿ ಕೊಡಿ ಎಂದು ಸರ್ಕಾರದವರು ನಮ್ಮ ಮೇಷ್ಟ್ರಿಗೆ ಒಪ್ಪಿಸಿದರು. ಟೇಪು ಹಿಡಿಯಲು ನನ್ನನ್ನು ಕರೆದುಕೊಂಡರು. ವರ್ಗ ಮೂರು. ಏರಿ ಒಡೆದರೆ ಕೆಳಗೆ ಜನ ಸಾಯುವಂತಿದ್ದರೆ ಒಂದನೆಯದು. ಬೆಳೆ, ರಸ್ತೆ ಮಾತ್ರ ಹೋಗುವಂತಿದ್ದರೆ ಎರಡು. ಏನೂ ಹೋಗದಿದ್ದರೆ ಮೂರು. "ಏರಿ ಗಟ್ಟಿ ಇದ್ಯಾ ಇಲ್ವಾ ಅನ್ನೋದು ಬೇರೆ ಲೆಕ್ಕ. ವರ್ಗ ಇರೋದು ಏರಿಗಲ್ಲ, ಅದರ ಕೆಳಗಿರೋರಿಗೆ" ಎಂದು ಸ್ಕೂಟರಿನಲ್ಲಿ ಹೋಗುವಾಗ ಗಾಳಿಗೆ ಕೂಗಿ ಹೇಳಿದ್ದರು.

ನಮ್ಮ ಕಟ್ಟೆಗೆ ಬಂದಾಗ ಯಜಮಾನರು ಕೊಡೆ ಹಿಡಿದು ಕಾದಿದ್ದರು. ಇವರು ಬೂಟು ಬಿಚ್ಚಿ ಬುಡದಲ್ಲಿ ನಡೆದರು. ನಡೆದವರು ಒಂದು ಕಡೆ ಗಕ್ಕನೆ ನಿಂತರು. ಸುತ್ತಲೂ ಒಣಗಿದ ಹುಲ್ಲು, ಅಲ್ಲಿ ಮಾತ್ರ ಎಳೆ ಹಸಿರು.

"ಇಲ್ಲೇನಮ್ಮಾ ಇಷ್ಟು ಹಸಿರು?"

"ನಮ್ಮ ಒರತೆ ಸಾರ್. ಕುಡಿಯೋ ನೀರು." ನನ್ನ ದನಿಯಲ್ಲಿ ಜಂಬವಿತ್ತು.

ಅಷ್ಟರಲ್ಲಿ ಅಮ್ಮ ಸ್ಟೀಲಿನ ಲೋಟ, ಚೊಂಬು ಹಿಡಿದುಕೊಂಡು ಬಂದಳು. ಮಗಳ ಮೇಷ್ಟ್ರು ಮನೆ ಬಾಗಿಲಿಗೆ ಬಂದಿದ್ದಾರೆ. "ಬಿಸಿಲಲ್ಲಿ ಬಂದಿದ್ದೀರ, ಒಂದು ಲೋಟ ಕುಡೀರಿ ಸಾರ್. ಸಕ್ಕರೆ ಇದ್ದಂಗಿರ್ತದೆ ನಮ್ಮ ನೀರು."

ಸಾಲುಮನೆಯ ಬಾಗಿಲುಗಳಲ್ಲೆಲ್ಲ ಜನ. ವಿಭೂತಿ ಹಚ್ಚಿದ ದೊಡ್ಡವರು ನಮ್ಮ ಕೈಯ ನೀರು ಕುಡಿಯುತ್ತಾರೋ ಇಲ್ಲವೋ ಎಂದು ಎಲ್ಲರೂ ನೋಡುತ್ತಿದ್ದರು. ಅವರು ಲೋಟ ತೆಗೆದುಕೊಂಡರು. ಕುಡಿಯಲಿಲ್ಲ. ಲೋಟ ಓರೆ ಮಾಡಿ, ನೀರನ್ನು ಬಿಸಿಲಿಗೆ ಹಿಡಿದು ನೋಡತೊಡಗಿದರು. ಅಮ್ಮನ ಮುಖ ಸಣ್ಣದಾಯಿತು.

"ಲೋಟ ತೊಳೆದೇ ತಂದಿದ್ದೀನಿ ಸಾರ್."

"ಲೋಟ ಅಲ್ಲಮ್ಮ, ನೀರು ನೋಡ್ತಿದ್ದೀನಿ. ಇದು ಯಾವತ್ತಾದ್ರೂ ಕೆಂಪಗೆ ಬಂದಿದ್ಯಾ?"

"ನಮ್ಮ ನೀರು ಯಾಕೆ ಕೆಂಪಗೆ ಬರ್ತದೆ? ಜೋರು ಮಳೇಲಿ ಒಂಚೂರು ಟೀ ಥರ ಆಗ್ತದೆ. ಆಮೇಲೆ ತಾನೇ ತಿಳಿ ಆಗ್ತದೆ."

ಅವರು ಗಟಗಟನೆ ಕುಡಿದರು. ಅಮ್ಮನ ಮುಖ ನೋಡಿದರು. "ಇನ್ನೊಂದು ಲೋಟ ಕೊಡಿ" ಎಂದು ಕೇಳಿ ಪಡೆದು, ಅದನ್ನೂ ಕುಡಿದರು. ಮೊದಲನೆಯದು ಪರೀಕ್ಷೆಗೆ, ಎರಡನೆಯದು ಅಮ್ಮನಿಗೆ ಎಂದು ನನಗೆ ಅವತ್ತೇ ಅರ್ಥವಾಗಿತ್ತು. ಆಮೇಲೆ ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ, "ಏರಿ ಒಳಗಿನ ಮಣ್ಣನ್ನ ಕುಡೀತಾ ಇದ್ದೀರಮ್ಮ ನೀವು" ಎಂದರು. ನೀರು ಏರಿಯೊಳಗೆ ದಾರಿ ಕೊರೆಯುತ್ತಿದೆ, ಮಳೆಗೊಮ್ಮೆ ಮಣ್ಣನ್ನೂ ಹೊತ್ತು ತರುತ್ತಿದೆ ಎಂದು ಅದರ ಅರ್ಥ. ಪರೀಕ್ಷೆಯಲ್ಲಿ ಇದನ್ನೇ ಬರೆದು ನಾನು ಒಳ್ಳೆಯ ಅಂಕ ತೆಗೆದಿದ್ದೆ.

ಹೆಚ್ಚಿನ ನೀರು ಹರಿದುಹೋಗಲು ಇದ್ದ ಕೋಡಿಗೆ ಯಜಮಾನರು ಮರಳಿನ ಚೀಲ ಜೋಡಿಸಿ, ಇನ್ನಷ್ಟು ನೀರು ನಿಲ್ಲಿಸಿಕೊಂಡಿದ್ದರು. ಏರಿಯ ಮೇಲೆ ಮರಗಳು ಬೇರು ಬಿಟ್ಟಿದ್ದವು. ಮೇಷ್ಟ್ರು ಚೀಲವನ್ನು ಕಾಲಿನಿಂದ ಒತ್ತಿ ನೋಡಿದರು.

"ನಮ್ಮಪ್ಪ ಹಾಕಿಸಿದ ಏರಿ ಸಾರ್. ಇವತ್ತಿನವರೆಗೂ ಅಲ್ಲಾಡಿಲ್ಲ" ಎಂದರು ಯಜಮಾನರು.

"ನಿಮ್ಮಪ್ಪ ಹಾಕಿಸಿದಾಗ ಕೆಳಗೆ ಯಾರಿದ್ರು?"

"ಯಾರೂ ಇರ್ಲಿಲ್ಲ. ಬರೀ ಹಳ್ಳ."

"ಈಗ?"

ಯಜಮಾನರು ನಮ್ಮ ಸಾಲಿನ ಕಡೆ ನೋಡಿ ನಕ್ಕರು. ಒಳ್ಳೆಯ ನಗುಮುಖ ಅವರದು. ದಾರಿಯಲ್ಲಿ ಸಿಕ್ಕರೆ ನನ್ನ ಓದು ವಿಚಾರಿಸುತ್ತಿದ್ದವರು. "ಇವರಾ? ಇವರು ಲೆಕ್ಕಕ್ಕಿಲ್ಲ ಬಿಡಿ ಸಾರ್. ಒಂದು ಕಾಗದ ಇಲ್ಲ ಇವರ ಹತ್ರ."

"ನೀರಿಗೆ ಕಾಗದ ಓದೋಕೆ ಬರಲ್ಲ ಸ್ವಾಮಿ."

ಅವತ್ತು ಸಂಜೆ ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಏರಿಯ ಕೆಳಗೆ ಮಾನವ ವಸತಿ ಇದೆ. ಒಡೆದಲ್ಲಿ ಜೀವಹಾನಿ ಖಚಿತ. ಒಂದನೇ ವರ್ಗ. ಕೋಡಿ ತೆರವು ಮಾಡಬೇಕು, ಮರ ತೆಗೆಯಬೇಕು, ಬುಡಕ್ಕೆ ಮರಳು ಜಲ್ಲಿಯ ಪದರ ಹಾಸಬೇಕು, ಅಲ್ಲಿಯವರೆಗೆ ನೀರು ಇಳಿಸಬೇಕು. 'ಮಾನವ ವಸತಿ' ಎಂದು ಬರೆಯುವಾಗ ನನ್ನ ಪೆನ್ನು ಒಂದು ಕ್ಷಣ ನಿಂತಿತು. ನಾವು ಇದ್ದೇವೆ ಎಂದು ಸರ್ಕಾರದ ಕಾಗದವೊಂದು ಹೇಳುತ್ತಿದ್ದುದು ಅದೇ ಮೊದಲು. ಅದನ್ನು ಬರೆಯುತ್ತಿದ್ದ ಕೈ ನನ್ನದು.

ಮನೆಗೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಪಕ್ಕದ ಮನೆಯ ಮುನಿಯಮ್ಮ ಎಲೆಯಡಿಕೆ ಜಗಿಯುತ್ತ ಕೇಳಿದಳು:

"ಅಂದ್ರೆ ನಾವು ಮನುಷ್ಯರು ಅಂತ ಬರ್ದವ್ರೆ?"

"ಹೂಂ."

"ಇಷ್ಟು ದಿವಸ ಏನಂದ್ಕೊಂಡಿದ್ರಂತೆ ಕಣೇ? ಕೋಳಿ ಅಂತಾನಾ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಇನ್ನು ಏರಿ ರಿಪೇರಿ ಆಗುತ್ತದೆ, ಅದಾದ ಮೇಲೆ ನಮ್ಮ ಬಾಗಿಲಿಗೂ ನಂಬರು ಬರುತ್ತದೆ ಎಂದು ಅಮ್ಮ ಆಸೆ ಕಟ್ಟಿದಳು. ಗೋಡೆಗೆ ಸುಣ್ಣ ಬಳಿದಳು.

ಮಳೆಗಾಲಕ್ಕೆ ಮೊದಲು ಬಂದದ್ದು ಜಲ್ಲಿಯ ಲಾರಿಯಲ್ಲ. ಮೈಕು ಕಟ್ಟಿದ ಜೀಪು, ಹಿಂದೆ ಪೊಲೀಸರು, ಟ್ರ್ಯಾಕ್ಟರುಗಳು. ಯಜಮಾನರು ಅದೇ ವರದಿಯನ್ನು ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋಗಿದ್ದರು. ನನ್ನ ಕಟ್ಟೆಯ ಕೆಳಗೆ ಪ್ರಾಣಾಪಾಯದಲ್ಲಿ ಜನರಿದ್ದಾರೆ, ನನ್ನ ಮನಸ್ಸು ತಡೆಯುತ್ತಿಲ್ಲ, ಅವರನ್ನು ಕಾಪಾಡಿ ಎಂದು ಅರ್ಜಿ ಕೊಟ್ಟಿದ್ದರು. ಏರಿ ರಿಪೇರಿ ಮಾಡುವುದಕ್ಕಿಂತ ಕೆಳಗಿನವರನ್ನು ತೆಗೆಯುವುದು ಹಗುರ. ಮೈಕಿನಲ್ಲಿ 'ನಿಮ್ಮ ಪ್ರಾಣರಕ್ಷಣೆಗಾಗಿ' ಎಂದು ಶುರುಮಾಡಿ, ನಾನು ಬರೆದ ವಾಕ್ಯಗಳನ್ನೇ ಓದಿದರು. ಮಾನವ ವಸತಿ ಇದೆ. ಜೀವಹಾನಿ ಖಚಿತ. ಮುನಿಯಮ್ಮ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ನಿಂತಿದ್ದಳು. ಚೌಕಟ್ಟಿನ ಸಮೇತ ಟ್ರ್ಯಾಕ್ಟರಿಗೆ ಹತ್ತಿಸಿದರು. ಅಮ್ಮ ಒರತೆಯ ಗುಂಡಿಗೆ ಚಪ್ಪಡಿ ಮುಚ್ಚಿದಳು, ಸಂಜೆ ವಾಪಸು ಬರುವವಳ ಹಾಗೆ.

ನಮ್ಮನ್ನು ಇಳಿಸಿದ್ದು ಕಾರ್ಖಾನೆಯವರು ಕಬ್ಬಿಣದ ಕಿಟ್ಟ ಸುರಿಯುವ ದಿಬ್ಬದ ಆಚೆ, ಹಾರೆ ಹಾಕಿದರೆ ಠಣ್ಣೆನ್ನುವ ನೆಲದಲ್ಲಿ. ಹಕ್ಕುಪತ್ರ ಕೊಟ್ಟರು. ನೀರಿಲ್ಲ. ಟ್ಯಾಂಕರ್ ಬರುತ್ತದೆ ಎಂದರು.

ನಾನು ಶಿವಮೊಗ್ಗಕ್ಕೆ ಓಡಿದೆ. ಅವರು ಅಂಗಿ ಹಾಕಿಕೊಂಡು ಕೂಡಲೇ ಹೊರಟರು. ಕಚೇರಿಯಲ್ಲಿ ನಿಂತುಕೊಂಡೇ ಗುಡುಗಿದರು: "ನಾನು ಬರೆದದ್ದು ಏರಿ ರಿಪೇರಿ ಮಾಡಿ ಅಂತ. ಜನರನ್ನ ಎಬ್ಬಿಸಿ ಅಂತ ಅಲ್ಲ."

ಅಧಿಕಾರಿ ಕುರ್ಚಿ ತೋರಿಸಿ, ಮರ್ಯಾದೆಯಿಂದಲೇ ಹೇಳಿದರು: "ಕೂತ್ಕೊಳಿ ಸಾರ್. ಜೀವಹಾನಿ ಖಚಿತ ಅಂತ ನೀವೇ ಸಹಿ ಮಾಡಿದ್ದೀರಿ. ಇದನ್ನ ನೋಡಿದ ಮೇಲೂ ನಾನು ಮಳೆಗಾಲದಲ್ಲಿ ಅವರನ್ನ ಅಲ್ಲೇ ಬಿಟ್ಟಿದ್ರೆ, ನಾಳೆ ನೀವೇ ನನ್ನ ಕುತ್ತಿಗೆ ಹಿಡೀತಿದ್ರಿ. ಅಪಾಯ ಹೋಯ್ತಲ್ಲ, ಬಿಡಿ."

ಇಡೀ ಕ್ಲಾಸಿನ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯ. ಅವತ್ತು ವರದಿಯಲ್ಲಿದ್ದ ತಮ್ಮ ಸಹಿಯನ್ನೇ ಒಮ್ಮೆ ನೋಡಿ ಹೊರಗೆ ನಡೆದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಇಲ್ಲಿಗೇ ಮುಗಿದಿದ್ದರೆ ನಾನು ಇವತ್ತು ಬೇರೆ ಥರ ಬರೆಯುತ್ತಿದ್ದೆ. ಮುಂದಿನ ಬೇಸಿಗೆಯಲ್ಲಿ ಯಜಮಾನರು, ಕಟ್ಟೆಯನ್ನು ಮತ್ತೊಮ್ಮೆ ನೋಡಿ ವರ್ಗ ಬದಲಾಯಿಸಿ ಎಂದು ಕೇಳಿಕೊಂಡರು. ಹೋದವರು ಇವರೇ. ನನ್ನನ್ನು ಕರೆಯಲಿಲ್ಲ. ಮೂರನೇ ವರ್ಗ ಎಂದು ಬರೆದರು ಎಂಬ ಸುದ್ದಿ ಕೇಳಿ ನಾನು ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕೇಳಿದೆ.

"ಹೇಗೆ ಬರೆದ್ರಿ ಸಾರ್?"

"ಏರಿ ಹಾಳಾಗಿದೆ ಅಂತ ಬರೆದಿದ್ದೀನಿ. ಮೊದಲಿಗಿಂತ ಹಾಳಾಗಿದೆ."

"ವರ್ಗ?"

"ಕೆಳಗೆ ಯಾರಿದ್ದಾರೆ ಅಂತ ನೋಡೋದು ನನ್ನ ಕೆಲಸ. ಯಾರೂ ಇಲ್ಲ. ಇಲ್ಲದೋರನ್ನ ಇದ್ದಾರೆ ಅಂತ ಹೇಗಮ್ಮ ಬರೀಲಿ?"

"ಇದ್ದೋರು ಎಲ್ಲಿಗೆ ಹೋದ್ರು ಅಂತ ಬರೀಬಹುದಿತ್ತಲ್ಲ."

ಅವರು ಕೈಯಲ್ಲಿದ್ದ ಪೇಪರನ್ನು ಮಡಚಿಟ್ಟರು. ಆಮೇಲೆ, "ಆ ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ ಕಣಮ್ಮ" ಎಂದರು.

ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ನಾನು ಕುಡಿಯದೆ ಬಂದೆ.

ದಿಬ್ಬದಾಚೆಯ ನಮ್ಮವರೆಲ್ಲ ಹೇಳುವುದು ಒಂದೇ ಮಾತು. ಮೇಷ್ಟ್ರು ತಿಂದಿದ್ದಾರೆ, ಇಬ್ಬರೂ ಒಂದೇ ಜಾತಿ, ವಿಭೂತಿಗೆ ವಿಭೂತಿ ಸೇರಿತು. ತಿಂದಿರಲಿಲ್ಲ. ಒಂದು ಲೋಟ ಮಜ್ಜಿಗೆಯನ್ನೂ ಯಜಮಾನರ ಮನೆಯಲ್ಲಿ ಕುಡಿದವರಲ್ಲ. ತಿಂದಿದ್ದರೆ ನನಗೆಷ್ಟೋ ಸುಲಭವಿತ್ತು. ಥೂ ಎಂದು ಉಗಿದು ಮರೆತುಬಿಡುತ್ತಿದ್ದೆ. ಅವರು ಎರಡು ಸಲವೂ ನಿಜವನ್ನೇ ಬರೆದರು. ಮೊದಲ ನಿಜ ನಮ್ಮನ್ನು ಎಬ್ಬಿಸಿತು, ಎರಡನೆಯ ನಿಜ ನಾವು ಇರಲೇ ಇಲ್ಲ ಎಂದಿತು. ಎರಡರಲ್ಲೂ ಅವರ ಕೈ ಚೊಕ್ಕ. ಅಂಥ ಚೊಕ್ಕ ಕೈಯ ಮೇಲೆ ನನಗೆ ಬಂದಷ್ಟು ಸಿಟ್ಟು ಲಂಚ ತಿನ್ನುವವರ ಮೇಲೂ ಬಂದಿಲ್ಲ. ಅದೇ ಕೈ ನನ್ನನ್ನು ಇಂಜಿನಿಯರ್ ಮಾಡಿತು ಎಂಬುದು ಗೊತ್ತಿದ್ದೂ ಹೇಳುತ್ತಿದ್ದೇನೆ.

ವರ್ಷಗಳ ಮೇಲೆ ಒಮ್ಮೆ ಶಂಕರಘಟ್ಟದ ಬಸ್ಸಿನಲ್ಲಿ ಸಿಕ್ಕರು. ಯೂನಿವರ್ಸಿಟಿ ಹುಡುಗರ ನೂಕುನುಗ್ಗಲು; ಯಾರೋ ಎದ್ದು ಅವರಿಗೆ ಸೀಟು ಕೊಟ್ಟಿದ್ದರು. ನಿವೃತ್ತರಾಗಿದ್ದರು, ಬಡವಾಗಿದ್ದರು. ತೊಡೆಯ ಮೇಲೆ ಕೊಡೆ. ನಾನು ಆಗ ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿ, ಸೇತುವೆ, ಮೋರಿಗಳ ಲೆಕ್ಕ ಹಾಕುತ್ತಿದ್ದೆ. ನೋಡಿದರೂ ನೋಡದಂತೆ ಇರಬಹುದಿತ್ತು. ಅವರೇ ಕರೆದರು.

"ಅಲ್ಲಿ ಸೈಟು ಮಾಡಿ ಮಾರ್ತಿದ್ದಾರೆ, ನೋಡಿದ್ಯಾ?"

ನೋಡಿದ್ದೆ. ನಮ್ಮ ಸಾಲು ಇದ್ದಲ್ಲಿ ಕಮಾನು, ಬಣ್ಣದ ಕಲ್ಲು, ಸಾಲು ಸಾಲು ತಾರಸಿ ಮನೆ. ಏರಿಗೆ ಬೇಲಿ ಹಾಕಿ, 'ಲೇಕ್ ವ್ಯೂ' ಎಂದು ಬೋರ್ಡು.

"ಪ್ರತಿ ಮಳೆಗಾಲದಲ್ಲೂ ಹೋಗಿ ಬುಡದಲ್ಲಿ ನಡೆದು ಬರ್ತೀನಿ. ಒದ್ದೆ ಜಾಗ ಅಗಲ ಆಗಿದೆ. ಒಂದನೇ ವರ್ಗಕ್ಕೆ ಹಾಕಿ ಅಂತ ಬರೆದು ಕೊಟ್ಟೆ."

"ಏನಂದ್ರು?"

"ಸೈಟಿನ ಬೆಲೆ ಬೀಳುತ್ತೆ, ಸುಮ್ನೆ ಹೆದರಿಸಬೇಡಿ ಅಂದ್ರು. ಹಳೇ ವರದೀಲಿ ಮೂರನೇ ವರ್ಗ ಅಂತ ನಾನೇ ಸಹಿ ಮಾಡಿದ್ದನ್ನ ತೋರಿಸಿದ್ರು."

"ನಮ್ಮನ್ನ ಎಬ್ಬಿಸಿದ್ರಲ್ಲ ಸಾರ್, ಪ್ರಾಣ ಹೋಗುತ್ತೆ ಅಂತ. ಇವರದ್ದು ಪ್ರಾಣ ಅಲ್ವಂತಾ? ಇವರನ್ನ ಎಬ್ಬಿಸಲ್ವಾ?"

ಅವರು ಬಸ್ಸಿನ ನೆಲದ ಮೇಲಿದ್ದ ತಮ್ಮ ಪಾದಗಳನ್ನು ನೋಡುತ್ತ ಕೂತರು. ಅವರ ಸ್ಟಾಪು ಬಂತು. ಇಳಿಯುವ ಮೊದಲು, "ನಿಮ್ಮಮ್ಮ ಹೇಗಿದ್ದಾರೆ?" ಎಂದು ಕೇಳಿದರು. "ಇದ್ದಾರೆ" ಎಂದೆ. ಅಷ್ಟೇ ಹೇಳಿದೆ. ಅದೇ ಕೊನೆ.

ಪೇಪರಿನಲ್ಲಿ ಓದಿದ ಮಧ್ಯಾಹ್ನವೇ ಮಣ್ಣಿಗೆ ಹೋದೆ. ಹೂವಿನ ಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಗುಂಡಿಯೊಳಗೂ ಕೂರಿಸಿದರು, ಅವರ ಪದ್ಧತಿಯಂತೆ. ಚಪ್ಪಲಿ ದೂರ ಬಿಟ್ಟು ನಿಂತಿದ್ದೆ. ಪಕ್ಕದಲ್ಲಿ ಯಾರೋ ಮೂಗು ಒರೆಸಿಕೊಂಡರು, ನೋಡಿದರೆ ಯಜಮಾನರು. ಪೂರ್ತಿ ನರೆತಿದ್ದರು, ನಗುಮುಖ ಹಾಗೇ ಇತ್ತು.

"ಇಂಥ ಮನುಷ್ಯ ಇನ್ನು ಸಿಗಲ್ಲ ನೋಡವ್ವ. ಒಂದು ಅಕ್ಷರ ಸುಳ್ಳು ಬರೆದವರಲ್ಲ."

"ಹೌದು" ಎಂದೆ. ಆ ಸುಳ್ಳಿಲ್ಲದ ಅಕ್ಷರಗಳಿಂದ ಯಜಮಾನರಿಗಾದಷ್ಟು ಉಪಯೋಗ ಇನ್ಯಾರಿಗೂ ಆಗಿರಲಿಲ್ಲ.

ಎಲ್ಲರೂ ಹಾಕಿದಂತೆ ನಾನೂ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಬೆರಳುಗಳು ತಾವಾಗಿಯೇ ಅದನ್ನು ಹೊಸೆದವು, ಕ್ಲಾಸಿನಲ್ಲಿ ಅವರು ಕಲಿಸಿದಂತೆ, ಸಣ್ಣ ದಾರದ ಹಾಗೆ. ತುಂಡಾಗಲಿಲ್ಲ. ಒಳ್ಳೆಯ ಮಣ್ಣು, ನೀರು ಬಿಡದ ಮಣ್ಣು. ಹಾಕಿದೆ.

ಬಸ್ಸು ಹಿಡಿದು ದಿಬ್ಬದಾಚೆಯ ಮನೆಗೆ ಬಂದಾಗ ಅಮ್ಮ ಅಂಗಳದಲ್ಲೇ ತಡೆದಳು. ಮಣ್ಣಿಗೆ ಹೋಗಿ ಬಂದವರು ಮೈಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ.

"ಮಣ್ಣಾಯ್ತಾ?"

"ಆಯ್ತು."

"ಅಲ್ಲೇ ನಿಂತ್ಕೋ. ಇವತ್ತೂ ಟ್ಯಾಂಕರ್ ಬಂದಿಲ್ಲ. ತಲೆಗೆಲ್ಲ ಆಗಲ್ಲ, ಕಾಲಿಗೆ ಮಾತ್ರ ಹಾಕ್ತೀನಿ."

ಬಕೆಟ್ಟನ್ನು ವಾಲಿಸಿ, ತಳದಲ್ಲಿದ್ದುದನ್ನು ಚೊಂಬಿಗೆ ಬಗ್ಗಿಸಿಕೊಂಡಳು. ಒಂದು ಕಾಲಿಗೆ ಸ್ವಲ್ಪ, ಇನ್ನೊಂದು ಕಾಲಿಗೆ ಸ್ವಲ್ಪ. ನನ್ನ ಬೆರಳುಗಳ ಸಂದಿಯಿಂದ ಕೆಂಪು ಮಣ್ಣು ಇಳಿದು ಹೋಗುವುದನ್ನು ಇಬ್ಬರೂ ನೋಡಿದೆವು.

"ಅವತ್ತು ಎರಡನೇ ಲೋಟ ಕೇಳಿ ಇಸ್ಕೊಂಡು ಕುಡಿದ್ರು ಕಣೇ" ಎಂದಳು ಅಮ್ಮ, ಖಾಲಿ ಚೊಂಬನ್ನು ಕೊಡವುತ್ತ. "ಆವಾಗ ಇತ್ತು, ಕೊಟ್ಟೆ."